ಐದು ಪೌಂಡಿನ ಕುದುರೆ: ಐರ್ಲೆಂಡಿನ ಪ್ರೊಟೆಸ್ಟಂಟ್ ಪ್ರಾಬಲ್ಯವನ್ನು ಓದುವ ಬಗೆ

1773ನೆಯ ಇಸವಿಯ ಮೇ 4ರಂದು ಐರ್ಲೆಂಡಿನ ಕಾರ್ಕ್ ಪ್ರಾಂತದ ಕ್ಯಾರಿಗನಿಮಾ ಎಂಬಲ್ಲಿ ಆರ್ಟ್ ಓಲಿಯರಿ ಎಂಬ ಇಪ್ಪತ್ತಾರರ ಯುವಕ ಗುಂಡೇಟಿಗೆ ಬಲಿಯಾದನು. ಆತ ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಳ ಸೈನ್ಯದ ಹಂಗೇರಿಯನ್ ಅಶ್ವದಳದಲ್ಲಿ ಅಧಿಕಾರಿಯಾಗಿದ್ದವನು. ಕ್ಯಾಥೊಲಿಕನಾದ ಕಾರಣ ಸ್ವದೇಶದ ಸೈನ್ಯದಲ್ಲಿ ಅಂತಹ ಹುದ್ದೆ ಅವನಿಗೆ ದೊರೆಯುವಂತಿರಲಿಲ್ಲ. ಅವನ ಬಳಿ ಒಂದು ಚೆಲುವಾದ ಹೆಣ್ಣು ಕುದುರೆಯಿತ್ತು. ಆ ಕುದುರೆಯನ್ನು ಐದು ಪೌಂಡಿಗೆ ತನಗೆ ಒಪ್ಪಿಸಬೇಕೆಂದು ಅಬ್ರಹಾಂ ಮೊರಿಸ್ ಎಂಬ ಪ್ರೊಟೆಸ್ಟಂಟ್ ನ್ಯಾಯಾಧಿಕಾರಿ ಕೇಳಿದನೆಂದೂ ಓಲಿಯರಿ ನಿರಾಕರಿಸಿದನೆಂದೂ ಅಲ್ಲಿಂದ ಬೆಳೆದ ಹಗೆಯೇ ಅವನ ಸಾವಿಗೆ ಕಾರಣವಾಯಿತೆಂದೂ ಪರಂಪರೆ ಹೇಳುತ್ತದೆ. ಮೊರಿಸನ ಬೇಡಿಕೆ ಕೇವಲ ದರ್ಪದ ಮಾತಾಗಿರಲಿಲ್ಲ, ಅದಕ್ಕೆ ಶಾಸನದ ಬಲವಿತ್ತು. 1695ರ ಕಾನೂನಿನ ಪ್ರಕಾರ ಐದು ಪೌಂಡಿಗಿಂತ ಹೆಚ್ಚು ಬೆಲೆಬಾಳುವ ಕುದುರೆಯನ್ನು ಯಾವ ಕ್ಯಾಥೊಲಿಕನೂ ಇಟ್ಟುಕೊಳ್ಳುವಂತಿರಲಿಲ್ಲ. ಐದು ಪೌಂಡು ಚಿಲ್ಲರೆ ಹಣವನ್ನು ಮುಂದಿಟ್ಟು ಅಂತಹ ಕುದುರೆಯನ್ನು ತನ್ನದಾಗಿಸಿಕೊಳ್ಳುವ ಹಕ್ಕು ಪ್ರೊಟೆಸ್ಟಂಟನಿಗಿತ್ತು.

ಓಲಿಯರಿಯ ಹೆಂಡತಿ ಐಲೀನ್ ಓಕಾನೆಲ್ ಐರಿಷ್ ಭಾಷೆಯಲ್ಲಿ ಕಟ್ಟಿದ ಶೋಕಗೀತೆ ಬಹುಕಾಲ ಬಾಯಿಂದ ಬಾಯಿಗೆ ಹರಿದು, ಸಾವಿನ ಮನೆಯಲ್ಲಿ ಹಾಡುವ ಹೆಂಗಸರ ನೆನಪಿನಲ್ಲಿ ಉಳಿದು, ಅನಂತರ ಬರಹಕ್ಕೆ ಇಳಿಯಿತು. ಹದಿನೆಂಟನೆಯ ಶತಮಾನದಲ್ಲಿ ಆ ದ್ವೀಪದಲ್ಲಿ ಹುಟ್ಟಿದ ಅತ್ಯುತ್ತಮ ಕಾವ್ಯಗಳ ಸಾಲಿನಲ್ಲಿ ಅದನ್ನು ಎಣಿಸುವ ವಿಮರ್ಶಕರಿದ್ದಾರೆ. ಒಡೆಯನಿಲ್ಲದೆ, ರಕ್ತ ಮೆತ್ತಿದ ಲಗಾಮಿನೊಂದಿಗೆ ಮನೆಗೆ ಮರಳಿದ ಕುದುರೆಯನ್ನು ಏರಿ ಹೆಂಡತಿ ಗಂಡನ ಶವವಿದ್ದಲ್ಲಿಗೆ ಧಾವಿಸುವ ಸನ್ನಿವೇಶ ಅದರಲ್ಲಿದೆ. ಅದೇ ಕಾಲದಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಗೋಲ್ಡ್‌ಸ್ಮಿತ್, ಷೆರಿಡನ್, ಬರ್ಕ್ ಕರ್ನಾಟಕದ ಪಠ್ಯಕ್ರಮಗಳಲ್ಲಿ ಇಂಗ್ಲಿಷ್ ಸಾಹಿತ್ಯದ ಹೆಸರುಗಳಾಗಿ ಪರಿಚಿತರು. ಐಲೀನಳ ಹೆಸರನ್ನು ಕೇಳಿದ ವಿದ್ಯಾರ್ಥಿಗಳು ಅಪರೂಪ. ಈ ಅಂತರಕ್ಕೆ ಕಾವ್ಯಗುಣವಷ್ಟೇ ಕಾರಣವೆಂದು ಭಾವಿಸುವುದು ತಪ್ಪಾಗುತ್ತದೆ. ಯಾರ ಬರಹ ಅಚ್ಚಿನ ಮನೆಗೆ ಹೋಗಬಲ್ಲದು, ಯಾರ ಹಾಡು ಸಾವಿನ ಮನೆಯಲ್ಲಿ ಮಾತ್ರ ಉಳಿಯಬಲ್ಲದು ಎಂಬುದನ್ನು ನಿರ್ಧರಿಸಿದ್ದ ಒಂದು ವ್ಯವಸ್ಥೆ ಅಲ್ಲಿತ್ತು. ಇತಿಹಾಸಕಾರರು ಅದನ್ನು ಪ್ರೊಟೆಸ್ಟಂಟ್ ಅಸೆಂಡೆನ್ಸಿ, ಅಂದರೆ ಪ್ರೊಟೆಸ್ಟಂಟ್ ಪ್ರಾಬಲ್ಯ, ಎಂದು ಕರೆಯುತ್ತಾರೆ.

ಈ ಪ್ರಾಬಲ್ಯವನ್ನು ಕುರಿತು ಎರಡು ಸರಳ ತಿಳಿವಳಿಕೆಗಳು ಬಳಕೆಯಲ್ಲಿವೆ. ಇದು ಎರಡು ಮತಗಳ ಜಗಳ ಎಂಬುದು ಒಂದು. ಆಂಗ್ಲರು ಐರಿಷರನ್ನು ಆಳಿದ ವಸಾಹತು ಕಥೆಯ ಒಂದು ಅಧ್ಯಾಯ ಮಾತ್ರ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಸಾಲವು. ಪ್ರೊಟೆಸ್ಟಂಟ್ ಪ್ರಾಬಲ್ಯವು ಮೂಲತಃ ಭೂಒಡೆತನದ ವ್ಯವಸ್ಥೆ. ಮತವು ಅದರ ಹೆಬ್ಬಾಗಿಲಿನ ಕಾವಲಾಗಿತ್ತು. ಈ ನಂಟನ್ನು ಗ್ರಹಿಸದೆ ಸ್ವಿಫ್ಟ್‌ನಿಂದ ಯೇಟ್ಸ್‌ವರೆಗಿನ ಸಾಹಿತ್ಯವನ್ನು ಓದಿದರೆ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ.

ಭೂಮಿ ಕೈಬದಲಾದ ಬಗೆ

ಪ್ರಾಬಲ್ಯದ ಅಡಿಗಲ್ಲು ಬಿದ್ದುದು ಹದಿನೇಳನೆಯ ಶತಮಾನದಲ್ಲಿ. ಹದಿನಾರನೆಯ ಶತಮಾನದಲ್ಲಿಯೇ ಆರಂಭವಾಗಿದ್ದ ನೆಲಸುಗಾರರ ವಸತಿಗಳು 1609ರ ಅನಂತರ ಅಲ್ಸ್ಟರ್ ಪ್ರಾಂತದಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿದವು. 1641ರ ದಂಗೆ, 1649ರ ಕ್ರಾಮ್‌ವೆಲ್ಲನ ದಂಡಯಾತ್ರೆ, 1652ರ ಭೂವ್ಯವಸ್ಥೆಯ ಕಾಯಿದೆ, ವಿಲಿಯಂ ಪೆಟ್ಟಿ ನಡೆಸಿದ ಭೂಮಾಪನ ಇವೆಲ್ಲ ಒಂದರ ಹಿಂದೆ ಒಂದು ಬಂದವು. 1641ರಲ್ಲಿ ಕ್ಯಾಥೊಲಿಕರ ಕೈಯಲ್ಲಿ ಸುಮಾರು ಶೇಕಡ 59ರಷ್ಟು ಭೂಮಿ ಇತ್ತೆಂದೂ 1688ರ ಹೊತ್ತಿಗೆ ಅದು 22ಕ್ಕೂ 1703ರ ಹೊತ್ತಿಗೆ 14ಕ್ಕೂ ಇಳಿಯಿತೆಂದೂ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಜನಸಂಖ್ಯೆಯಲ್ಲಿ ಕ್ಯಾಥೊಲಿಕರು ಆಗಲೂ ಮುಕ್ಕಾಲು ಪಾಲಿನಷ್ಟಿದ್ದರು. ಎರಡು ತಲೆಮಾರುಗಳ ಅವಧಿಯಲ್ಲಿ ಒಂದು ದೇಶದ ನೆಲದ ಹಕ್ಕುಪತ್ರಗಳು ಹೀಗೆ ಬದಲಾದುದಕ್ಕೆ ಯುರೋಪಿನ ಆ ಕಾಲದ ಇತಿಹಾಸದಲ್ಲಿಯೂ ಹೋಲಿಕೆಗಳು ಕಡಿಮೆ.

1690ರ ಬಾಯ್ನ್ ನದಿಯ ಕಾಳಗದಲ್ಲಿ ವಿಲಿಯಂ ದೊರೆಯು ಎರಡನೆಯ ಜೇಮ್ಸನನ್ನು ಸೋಲಿಸಿದನು. ಮರುವರ್ಷ ಲಿಮರಿಕ್ ಒಪ್ಪಂದದೊಂದಿಗೆ ಯುದ್ಧ ಮುಗಿಯಿತು. ಆದರೆ ಗೆದ್ದವರ ಮನಸ್ಸಿನಲ್ಲಿ ಭಯ ಉಳಿಯಿತು. ಬಲದಿಂದ ಪಡೆದ ಭೂಮಿ ಬಲದಿಂದಲೇ ಹೋಗಬಹುದು, ಹಳೆಯ ಒಡೆಯರ ಮಕ್ಕಳು ಫ್ರಾನ್ಸ್, ಸ್ಪೇನ್, ಆಸ್ಟ್ರಿಯಗಳ ಸೈನ್ಯಗಳಲ್ಲಿದ್ದಾರೆ, ಹಳೆಯ ಹಕ್ಕುಗಳ ನೆನಪು ಜನರ ನಾಲಗೆಯಲ್ಲಿದೆ ಎಂಬ ಭಯ ಅದು. ಆ ಭಯವೇ ಶಾಸನರೂಪ ತಾಳಿ ‘ಪೀನಲ್ ಲಾ’ಗಳು, ಅಂದರೆ ದಂಡನಾ ಶಾಸನಗಳು, ಹುಟ್ಟಿದವು.

ಶಾಸನಗಳು ಹೇಳುವ ಸತ್ಯ

ಈ ಶಾಸನಗಳನ್ನು ಮತದ್ವೇಷದ ಪಟ್ಟಿಯಾಗಿ ಓದುವುದು ರೂಢಿ. ಅಂತಹ ಅಂಶಗಳು ಅಲ್ಲಿ ಇದ್ದೇ ಇವೆ. 1695ರಲ್ಲಿ ಕ್ಯಾಥೊಲಿಕರಿಂದ ಆಯುಧಗಳನ್ನು ಕಸಿಯಲಾಯಿತು. ಅವರ ಮಕ್ಕಳು ಪರದೇಶಕ್ಕೆ ಓದಲು ಹೋಗುವುದನ್ನು ನಿಷೇಧಿಸಲಾಯಿತು. 1697ರಲ್ಲಿ ಬಿಷಪ್ಪರನ್ನು ದೇಶದಿಂದ ಹೊರಹಾಕಲಾಯಿತು. 1728ರಲ್ಲಿ ಮತದಾನದ ಹಕ್ಕೂ ಹೋಯಿತು. ಆದರೆ ಈ ಇಡೀ ಕಟ್ಟಡದ ತೊಲೆಯಾಗಿದ್ದುದು 1704ರ ಕಾಯಿದೆ. ಅದನ್ನು ಸಾವಧಾನವಾಗಿ ಓದಿದರೆ ಶಾಸಕರ ಉದ್ದೇಶ ಬಯಲಾಗುತ್ತದೆ.

ಆ ಕಾಯಿದೆಯಂತೆ ಕ್ಯಾಥೊಲಿಕನೊಬ್ಬ ಸತ್ತರೆ ಅವನ ಭೂಮಿ ಎಲ್ಲ ಗಂಡುಮಕ್ಕಳಲ್ಲಿ ಸಮನಾಗಿ ಹಂಚಿಹೋಗಬೇಕು. ಪ್ರೊಟೆಸ್ಟಂಟ್ ಕುಟುಂಬದ ಭೂಮಿಯಾದರೋ ಹಿರಿಯ ಮಗನಿಗೆ ಇಡಿಯಾಗಿ ಸಲ್ಲುತ್ತದೆ. ಹೀಗಾಗಿ ಒಂದೆಡೆ ಆಸ್ತಿಗಳು ಅಖಂಡವಾಗಿ ಉಳಿದರೆ, ಇನ್ನೊಂದೆಡೆ ತಲೆಮಾರಿನಿಂದ ತಲೆಮಾರಿಗೆ ಚೂರಾಗುತ್ತ ಹೋಗುತ್ತವೆ. ಕ್ಯಾಥೊಲಿಕನ ಹಿರಿಯ ಮಗನು ರಾಜಮನ್ನಣೆಯ ಆಂಗ್ಲಿಕನ್ ಚರ್ಚಿಗೆ ಸೇರಿದರೆ ಮಾತ್ರ ಇಡೀ ಆಸ್ತಿ ಅವನದಾಗುತ್ತದೆ. ತಂದೆ ಬದುಕಿರುವಾಗಲೇ ಸೇರಿದರೆ ತಂದೆಯು ಆ ಕ್ಷಣದಿಂದ ತನ್ನ ಭೂಮಿಯಲ್ಲಿ ಜೀವಾವಧಿಯ ಅನುಭೋಗದಾರ ಮಾತ್ರ, ಮಾರಲಾರ, ಅಡವಿಡಲಾರ. ಕ್ಯಾಥೊಲಿಕನು ಭೂಮಿಯನ್ನು ಕೊಳ್ಳುವಂತಿಲ್ಲ. 31 ವರ್ಷಗಳಿಗೆ ಮೀರಿದ ಗೇಣಿಯನ್ನೂ ಪಡೆಯುವಂತಿಲ್ಲ. 1709ರ ಕಾಯಿದೆಯು ಇನ್ನೂ ಮುಂದೆ ಹೋಗಿ, ನಿಯಮ ಮೀರಿ ಭೂಮಿ ಇಟ್ಟುಕೊಂಡ ಕ್ಯಾಥೊಲಿಕನನ್ನು ನ್ಯಾಯಾಲಯದಲ್ಲಿ ಬಯಲಿಗೆಳೆದವನಿಗೆ ಆ ಭೂಮಿಯೇ ಸಲ್ಲುವಂತೆ ಮಾಡಿತು. ಮನೆಯೊಳಗೆ ತಂದೆಗೂ ಮಗನಿಗೂ, ಊರೊಳಗೆ ನೆರೆಯವನಿಗೂ ನೆರೆಯವನಿಗೂ ನಡುವೆ ಸಂಶಯದ ಬೇಲಿಯನ್ನು ನೆಟ್ಟ ಶಾಸನಗಳಿವು.

ಕ್ಯಾಥೊಲಿಕರೆಲ್ಲರನ್ನು ಪ್ರೊಟೆಸ್ಟಂಟರನ್ನಾಗಿ ಮಾಡುವುದು ಇದರ ಗುರಿಯಾಗಿತ್ತೆ? ಹಾಗೆಂದು ನಂಬುವುದು ಕಷ್ಟ. ಜನಸಾಮಾನ್ಯರ ಭಾಷೆಯಲ್ಲಿ ಮತಬೋಧನೆ ಮಾಡಲು ಆಂಗ್ಲಿಕನ್ ಚರ್ಚು ತೋರಿದ ಆಸಕ್ತಿ ಅಲ್ಪ. ಶತಮಾನದ ಉದ್ದಕ್ಕೂ ಅಧಿಕೃತ ಪಟ್ಟಿಗಳಲ್ಲಿ ದಾಖಲಾದ ಮತಾಂತರಗಳು ಕೆಲವೇ ಸಾವಿರ. ಅವುಗಳಲ್ಲಿ ಆಸ್ತಿಯುಳ್ಳವರು ಮತ್ತು ವಕೀಲಿ ವೃತ್ತಿಯನ್ನು ಬಯಸಿದವರು ಎದ್ದು ಕಾಣುತ್ತಾರೆ. ಗೇಣಿದಾರನು ಯಾವ ದೇವರನ್ನು ಹೇಗೆ ಪೂಜಿಸಿದರೂ ಭೂಮಾಲೀಕನಿಗೆ ಗೇಣಿ, ಚರ್ಚಿಗೆ ದಶಾಂಶ ತೆರಿಗೆ ಸಂದಾಯವಾಗುತ್ತಿದ್ದರೆ ಸಾಕಾಗಿತ್ತು. ತಾನು ಎಂದೂ ಕಾಲಿಡದ ಚರ್ಚಿನ ಪಾದ್ರಿಗೆ ಬೆಳೆಯ ಪಾಲು ಕೊಡಬೇಕಾಗಿದ್ದ ಕ್ಯಾಥೊಲಿಕ್ ರೈತನಿಗೆ ಈ ವ್ಯವಸ್ಥೆಯ ತಿರುಳು ಯಾವ ಪಂಡಿತನಿಗಿಂತ ಚೆನ್ನಾಗಿ ತಿಳಿದಿತ್ತು.

ಇದಕ್ಕೆ ಇನ್ನೊಂದು ಸಾಕ್ಷ್ಯವೂ ಇದೆ. ಅಲ್ಸ್ಟರಿನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದ ಪ್ರೆಸ್ಬಿಟೇರಿಯನ್ನರು ನಿಸ್ಸಂದೇಹವಾಗಿ ಪ್ರೊಟೆಸ್ಟಂಟರೇ. ಆದರೂ ಆಂಗ್ಲಿಕನ್ ವಿಧಿಯಂತೆ ಪ್ರಸಾದ ಸ್ವೀಕರಿಸದವರಿಗೆ ಸರ್ಕಾರಿ ಹುದ್ದೆಯಿಲ್ಲ ಎಂಬ 1704ರ ನಿಬಂಧನೆ 1780ರವರೆಗೆ ಅವರನ್ನೂ ಹೊರಗಿಟ್ಟಿತು. ಅವರೂ ದಶಾಂಶ ತೆರಬೇಕಾಗಿತ್ತು. 1791ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಯುನೈಟೆಡ್ ಐರಿಷ್‌ಮೆನ್ ಸಂಘದ ಮೊದಲ ಸದಸ್ಯರಲ್ಲಿ ಬಹುಪಾಲು ಪ್ರೆಸ್ಬಿಟೇರಿಯನ್ನರಿದ್ದುದೂ, ಅದರ ಮುಂದಾಳು ವುಲ್ಫ್ ಟೋನ್ ಆಂಗ್ಲಿಕನ್ನನಾಗಿದ್ದುದೂ ಆಕಸ್ಮಿಕವಲ್ಲ. ‘ಪ್ರೊಟೆಸ್ಟಂಟ್ ಪ್ರಾಬಲ್ಯ’ ಎಂಬ ಹೆಸರಿನ ಮೊದಲ ಪದವೇ ಹೀಗೆ ಅರ್ಧಸತ್ಯ. ಅದು ಪ್ರೊಟೆಸ್ಟಂಟರೆಲ್ಲರ ಪ್ರಾಬಲ್ಯವಲ್ಲ, ಜನಸಂಖ್ಯೆಯಲ್ಲಿ ಹತ್ತು ಹನ್ನೆರಡು ಪಾಲಿನಷ್ಟಿದ್ದ ಆಂಗ್ಲಿಕನ್ನರಲ್ಲಿಯೂ ಭೂಮಿಯುಳ್ಳ ಒಂದು ವರ್ಗದ ಪ್ರಾಬಲ್ಯ.

ಒಂದು ಆಕ್ಷೇಪ

ಈ ಚಿತ್ರಣವನ್ನು ಪ್ರಶ್ನಿಸುವ ಇತಿಹಾಸಕಾರರಿದ್ದಾರೆ. ಎಸ್. ಜೆ. ಕಾನಲಿ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನೆಂಟನೆಯ ಶತಮಾನದ ಐರ್ಲೆಂಡನ್ನು ವಸಾಹತಾಗಿ ನೋಡುವುದಕ್ಕಿಂತ ಯುರೋಪಿನ ಹಳೆಯ ರಾಜ್ಯವ್ಯವಸ್ಥೆಗಳಲ್ಲಿ ಒಂದೆಂದು ಕಾಣುವುದು ಯುಕ್ತವೆಂದು ವಾದಿಸಿದರು. ಹುಟ್ಟು, ಆಸ್ತಿ, ಮತಗಳ ಆಧಾರದ ಮೇಲೆ ಅಧಿಕಾರ ಹಂಚಿಕೆಯಾಗುವುದು ಆ ಕಾಲದಲ್ಲಿ ಎಲ್ಲೆಡೆಯ ನಿಯಮವಾಗಿತ್ತು. ಅದಕ್ಕೂ ಮೊದಲು ಎಲ್. ಎಂ. ಕಲನ್ ಅವರು, ಐರಿಷ್ ಭಾಷೆಯ ಕವಿಗಳ ಲೋಕವನ್ನು ಬರಿಯ ದಾರಿದ್ರ್ಯದ ಮತ್ತು ದಮನದ ಲೋಕವಾಗಿ ಚಿತ್ರಿಸಿದ ಡೇನಿಯಲ್ ಕಾರ್ಕರಿಯ 1924ರ ಪ್ರಸಿದ್ಧ ಗ್ರಂಥ ‘ದ ಹಿಡನ್ ಐರ್ಲೆಂಡ್’ ಅನ್ನು ಮರುಪರಿಶೀಲಿಸಿದ್ದರು. ಶಾಸನಗಳು ಪುಸ್ತಕದಲ್ಲಿದ್ದಷ್ಟು ಕಠೋರವಾಗಿ ನೆಲದ ಮೇಲೆ ಜಾರಿಯಾಗಲಿಲ್ಲ ಎಂಬುದೂ ನಿಜ. ಸ್ನೇಹಿತರಾದ ಪ್ರೊಟೆಸ್ಟಂಟರು ತಾವೇ ಮುಂದಾಗಿ ಸುಳ್ಳು ದಾವೆ ಹೂಡಿ ಕ್ಯಾಥೊಲಿಕ್ ನೆರೆಯವರ ಭೂಮಿಯನ್ನು ಉಳಿಸಿಕೊಟ್ಟ ನಿದರ್ಶನಗಳಿವೆ. ಐಲೀನಳ ತವರುಮನೆಯಾದ ಓಕಾನೆಲ್ ವಂಶವೇ ಕಡಲ ತೀರದ ಡೆರಿನೇನಿನಲ್ಲಿ ಕಳ್ಳಸಾಗಣೆಯಿಂದಲೂ ಜಾಣ್ಮೆಯಿಂದಲೂ ಚೆನ್ನಾಗಿಯೇ ಬದುಕಿತ್ತು.

ಈ ತಿದ್ದುಪಡಿಗಳನ್ನು ಒಪ್ಪಬೇಕು. ಆದರೆ ಅವು ಮೂಲ ಮಾತನ್ನು ಅಲುಗಿಸುವುದಿಲ್ಲ. ಫ್ರಾನ್ಸಿನಲ್ಲಿ 1685ರ ಅನಂತರ ಪ್ರೊಟೆಸ್ಟಂಟರಿಗೆ ಆದ ಕಿರುಕುಳ ಬಹುಸಂಖ್ಯಾತರು ಅಲ್ಪಸಂಖ್ಯಾತರಿಗೆ ಕೊಟ್ಟುದು. ಐರ್ಲೆಂಡಿನಲ್ಲಿ ಅಲ್ಪಸಂಖ್ಯಾತ ಒಡೆಯವರ್ಗವು ಬಹುಸಂಖ್ಯಾತರನ್ನು ಒಡೆತನದಿಂದ ಹೊರಗಿಟ್ಟಿತು. ಯುರೋಪಿನ ಹೋಲಿಕೆ ಇಲ್ಲಿಗೆ ಮುರಿದುಬೀಳುತ್ತದೆ. ಶಾಸನ ಪ್ರತಿದಿನ ಜಾರಿಯಾಗಬೇಕಾಗಿಯೂ ಇರಲಿಲ್ಲ. ಬೇಕಾದಾಗ ಎತ್ತಿಕೊಳ್ಳಬಹುದಾದ ಆಯುಧವಾಗಿ ಗೋಡೆಗೆ ತೂಗಿದ್ದರೆ ಸಾಕಿತ್ತು. 1773ರಲ್ಲಿ ಮೊರಿಸ್ ಎತ್ತಿಕೊಂಡದ್ದು ಸುಮಾರು ಎಂಬತ್ತು ವರ್ಷ ಹಳೆಯದಾದ, ಬಹುಮಟ್ಟಿಗೆ ಮರೆತುಹೋಗಿದ್ದ ಅಂತಹ ಒಂದು ಆಯುಧವನ್ನು. ವಿಚಾರಣೆಯಲ್ಲಿ ಅವನು ದೋಷಮುಕ್ತನಾದನು.

ಹೆಸರು ಹುಟ್ಟಿದ ಹೊತ್ತು

ಕುತೂಹಲದ ಸಂಗತಿಯೆಂದರೆ, ಪ್ರಾಬಲ್ಯವು ಪ್ರಶ್ನಾತೀತವಾಗಿದ್ದ ಕಾಲದಲ್ಲಿ ಅದಕ್ಕೆ ಈ ಹೆಸರು ಇರಲಿಲ್ಲ. ‘ಪ್ರೊಟೆಸ್ಟಂಟ್ ಅಸೆಂಡೆನ್ಸಿ’ ಎಂಬ ಪದಗುಚ್ಛ ರಾಜಕೀಯ ಘೋಷಣೆಯಾಗಿ ಬಳಕೆಗೆ ಬಂದುದು 1780ರ ದಶಕದಲ್ಲಿ ಎಂಬುದನ್ನು ಡಬ್ಲ್ಯು. ಜೆ. ಮೆಕಾರ್ಮಕ್ ಅವರು ತೋರಿಸಿಕೊಟ್ಟಿದ್ದಾರೆ. 1778 ಮತ್ತು 1782ರ ಕಾಯಿದೆಗಳು ಭೂಮಿಯ ಮೇಲಿನ ನಿರ್ಬಂಧಗಳನ್ನು ಸಡಿಲಿಸಿದ್ದವು. ಕ್ಯಾಥೊಲಿಕರಿಗೆ ಮತದಾನದ ಹಕ್ಕನ್ನು ಮರಳಿಸುವ ಮಾತು ನಡೆದಿತ್ತು. ಆಗ, 1792ರಲ್ಲಿ, ಡಬ್ಲಿನ್ ನಗರಸಭೆ ಆ ಪದಕ್ಕೆ ವ್ಯಾಖ್ಯಾನವನ್ನೇ ಬರೆಯಿತು: ದೊರೆ, ಪಾರ್ಲಿಮೆಂಟು, ಚರ್ಚಿನ ಅಧಿಕಾರವರ್ಗ, ಮತದಾರರು, ನ್ಯಾಯಪೀಠ, ಸೈನ್ಯ, ಕಂದಾಯ ಎಲ್ಲವೂ ಪ್ರೊಟೆಸ್ಟಂಟ್ ಆಗಿರುವುದೇ ಪ್ರಾಬಲ್ಯ ಎಂಬುದು ಅದರ ಸಾರ. ಡಬ್ಲಿನ್ನಿನಲ್ಲಿ ಹುಟ್ಟಿದ, ಕ್ಯಾಥೊಲಿಕ್ ತಾಯಿಯ ಮಗನಾದ ಎಡ್ಮಂಡ್ ಬರ್ಕ್ ಈ ಪದವನ್ನು ಡಬ್ಲಿನ್ ಕೋಟೆಯ ಟಂಕಸಾಲೆಯಲ್ಲಿ ಹೊಸದಾಗಿ ಅಚ್ಚಾದ ನಾಣ್ಯವೆಂದು ಹಂಗಿಸಿದನು. ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿದ ಸಂಪ್ರದಾಯವಾದಿಯೇ ತನ್ನ ನಾಡಿನ ಒಡೆಯವರ್ಗದ ಸಂಪ್ರದಾಯವನ್ನು ಒಪ್ಪಲಿಲ್ಲ. ಬರ್ಕ್‌ನನ್ನು ಓದುವ ವಿದ್ಯಾರ್ಥಿಗಳು ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ಈ ವರ್ಗದ ಕಥೆ ಕರ್ನಾಟಕಕ್ಕೆ ತೀರ ಹೊರಗಿನದೂ ಅಲ್ಲ. ಶ್ರೀರಂಗಪಟ್ಟಣ ಪತನವಾದ 1799ರಲ್ಲಿ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯೂ, ಅನಂತರ ಆ ಪಟ್ಟಣದ ಆಡಳಿತ ವಹಿಸಿಕೊಂಡ ಅವನ ತಮ್ಮ ಆರ್ಥರನೂ ಐರ್ಲೆಂಡಿನ ಇದೇ ಪ್ರಬಲ ವರ್ಗದ ಮಕ್ಕಳು. ಆರ್ಥರ್ ಭಾರತಕ್ಕೆ ಬರುವ ಮೊದಲು ಡಬ್ಲಿನ್ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. ಟಿಪ್ಪುವನ್ನು ಗೆದ್ದುದಕ್ಕಾಗಿ ರಿಚರ್ಡನಿಗೆ ಐರ್ಲೆಂಡಿನ ಮಾರ್ಕ್ವಿಸ್ ಪದವಿ ದೊರೆತಾಗ ಅವನು ಅದನ್ನು ಇಮ್ಮಡಿ ಚಿನ್ನದ ಲೇಪದ ಆಲೂಗಡ್ಡೆಯೆಂದು ಹೀಗಳೆದನು. ಇಂಗ್ಲೆಂಡಿನ ಪದವಿ ದೊರೆಯಲಿಲ್ಲವೆಂಬುದು ಅವನ ಅಳಲು. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್, 1798ರಲ್ಲಿ ಐರ್ಲೆಂಡಿನ ಪ್ರತಿನಿಧಿ ಆಡಳಿತಗಾರನಾಗಿ ಹೋಗಿ ದಂಗೆಯನ್ನು ಅಡಗಿಸಿ, ಡಬ್ಲಿನ್ ಪಾರ್ಲಿಮೆಂಟು ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವಂತೆ ಮಾಡಿದನು. 1801ರ ಜನವರಿ 1ರಂದು ಐರ್ಲೆಂಡ್ ಬ್ರಿಟನ್ನಿನೊಂದಿಗೆ ವಿಲೀನವಾಯಿತು. ತನ್ನ ನಾಡಿನಲ್ಲಿ ಒಡೆಯರಾಗಿದ್ದ ವರ್ಗ ಲಂಡನ್ನಿನ ಕಣ್ಣಿನಲ್ಲಿ ಎಂದೂ ಎರಡನೆಯ ದರ್ಜೆಯದೇ ಆಗಿತ್ತು. ಈ ಇಬ್ಬಗೆಯ ನೋವು ಅದರ ಸಾಹಿತ್ಯದ ಸೆಲೆಗಳಲ್ಲಿ ಒಂದು.

ಆಸ್ತಿಯ ಬಾಗಿಲು

1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಅದಕ್ಕಾಗಿ ಹೋರಾಡಿದ ಡೇನಿಯಲ್ ಓಕಾನೆಲ್, ಶೋಕಗೀತೆಯ ಐಲೀನಳ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗ. ಕಾಯಿದೆಯನ್ನು ತಂದ ಪ್ರಧಾನಿ ಅದೇ ಆರ್ಥರ್ ವೆಲ್ಲೆಸ್ಲಿ, ಆ ಹೊತ್ತಿಗೆ ವೆಲಿಂಗ್ಟನ್ನಿನ ಡ್ಯೂಕ್. ಆದರೆ ಅದೇ ಸಂದರ್ಭದಲ್ಲಿ ಇನ್ನೊಂದು ಕಾಯಿದೆಯೂ ಬಂದಿತು. ಮತದಾನಕ್ಕೆ ಬೇಕಾದ ಆಸ್ತಿಯ ಮೊತ್ತವನ್ನು 40 ಶಿಲಿಂಗ್‌ಗಳಿಂದ 10 ಪೌಂಡುಗಳಿಗೆ ಏರಿಸಲಾಯಿತು. ಓಕಾನೆಲ್‌ನನ್ನು ಗೆಲ್ಲಿಸಿದ ಬಡ ಗೇಣಿದಾರರು ಗೆಲುವಿನ ಮರುಗಳಿಗೆಯಲ್ಲೇ ಮತ ಕಳೆದುಕೊಂಡರು. ಮತದ ಅಗುಳಿ ತೆಗೆದವರು ಆಸ್ತಿಯ ಅಗುಳಿಯನ್ನು ಬಿಗಿಗೊಳಿಸಿದರು.

ಅದರ ಬೆಲೆ 1845ರಿಂದ ಮುಂದಿನ ಬರಗಾಲದಲ್ಲಿ ತಿಳಿಯಿತು. ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ 80 ಲಕ್ಷ ಮೀರಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಕುಸಿಯಿತು. ರೋಗ ಪ್ರಕೃತಿಯದು. ಆದರೆ ತುಂಡು ನೆಲದಲ್ಲಿ ಒಂದೇ ಬೆಳೆಯನ್ನು ನಂಬಿ, ಕರಾವಳಿ ಕರ್ನಾಟಕದ ಹಿರಿಯರಿಗೆ ನೆನಪಿರುವ ಚಾಲಗೇಣಿಯ ಒಕ್ಕಲಿನಂತೆ ಯಾವಾಗ ಬೇಕಾದರೂ ಎಬ್ಬಿಸಬಹುದಾದ ಸ್ಥಿತಿಯಲ್ಲಿ ಲಕ್ಷಾಂತರ ಕುಟುಂಬಗಳು ಬದುಕಬೇಕಾದುದು ಪ್ರಕೃತಿಯ ಕಾರ್ಯವಲ್ಲ. 1847ರಲ್ಲಿ ಬಡವರ ಪರಿಹಾರದ ಕಾಯಿದೆಗೆ ಪಾರ್ಲಿಮೆಂಟಿನ ಸದಸ್ಯನೊಬ್ಬ ಒಂದು ಷರತ್ತನ್ನು ಸೇರಿಸಿದನು: ಕಾಲು ಎಕರೆಗಿಂತ ಹೆಚ್ಚು ನೆಲವನ್ನು ಹಿಡಿದಿರುವವನಿಗೆ ಸರ್ಕಾರಿ ಪರಿಹಾರವಿಲ್ಲ. ಹಸಿದವನು ಗಂಜಿಗಾಗಿ ನೆಲ ಬಿಡಬೇಕು, ಇಲ್ಲವೆ ನೆಲ ಹಿಡಿದುಕೊಂಡು ಸಾಯಬೇಕು. ಆ ಷರತ್ತಿಗೆ ಅವನ ಹೆಸರೇ ಅಂಟಿಕೊಂಡು ಇತಿಹಾಸದಲ್ಲಿ ‘ಗ್ರೆಗರಿ ಷರತ್ತು’ ಎಂದಾಯಿತು. ಆತನ ಹೆಸರು ವಿಲಿಯಂ ಗ್ರೆಗರಿ. ಅವನ ವಂಶದ ಮನೆ ಗಾಲ್ವೇ ಪ್ರಾಂತದ ಕೂಲ್ ಪಾರ್ಕ್.

ಯೇಟ್ಸ್‌ನನ್ನು ಓದಿದವರಿಗೆ ಕೂಲ್ ಪಾರ್ಕ್ ಅಪರಿಚಿತವಲ್ಲ. ಅದರ ಕೊಳದ ಹಂಸಗಳು, ಕಾಡಿನ ಹಾದಿಗಳು ಅವನ ಕವಿತೆಗಳಿಂದ ಜಗತ್ಪ್ರಸಿದ್ಧವಾಗಿವೆ. ವಿಲಿಯಂ ಗ್ರೆಗರಿಯನ್ನು 1880ರಲ್ಲಿ ಮದುವೆಯಾದ ಲೇಡಿ ಗ್ರೆಗರಿ, ಗಂಡನ ಮರಣದ ಅನಂತರ ಆ ಮನೆಯನ್ನು ಐರಿಷ್ ಸಾಹಿತ್ಯ ಪುನರುತ್ಥಾನದ ನೆಲೆಯನ್ನಾಗಿ ಮಾಡಿದಳು. ಐರಿಷ್ ಭಾಷೆಯನ್ನು ಕಲಿತಳು. ನೆರೆಯ ಹಳ್ಳಿಗರ ಬಾಯಿಂದ ಕಥೆಗಳನ್ನು ಸಂಗ್ರಹಿಸಿದಳು. 1904ರಲ್ಲಿ ಯೇಟ್ಸ್ ಮೊದಲಾದವರೊಂದಿಗೆ ಅಬ್ಬಿ ರಂಗಮಂದಿರವನ್ನು ಕಟ್ಟಿದಳು. ಕಾಲು ಎಕರೆಯ ಷರತ್ತಿನ ಮನೆಯಲ್ಲಿಯೇ ಒಂದು ನಾಡಿನ ರಂಗಭೂಮಿ ರೂಪುಗೊಂಡಿತು. ಎರಡರಲ್ಲಿ ಒಂದನ್ನು ಮರೆತರೂ ಕೂಲ್ ಪಾರ್ಕ್ ಅರ್ಥವಾಗುವುದಿಲ್ಲ.

ಮನೆಯೊಳಗಿನ ಸಾಹಿತ್ಯ

ಪ್ರಾಬಲ್ಯದ ಸಾಹಿತ್ಯವನ್ನು ಓದುವಾಗ ಎತ್ತಬೇಕಾದ ಪ್ರಶ್ನೆ ಒಂದಿದೆ: ಇಲ್ಲಿ ‘ಐರ್ಲೆಂಡಿನ ಜನ’ ಎಂದರೆ ಯಾರು? ಜೊನಾಥನ್ ಸ್ವಿಫ್ಟ್ ಬಟ್ಟೆ ವ್ಯಾಪಾರಿಯ ಸೋಗಿನಲ್ಲಿ 1724ರಲ್ಲಿ ಬರೆದ ಪತ್ರಗಳಲ್ಲಿ ಒಂದು ‘ಐರ್ಲೆಂಡಿನ ಸಮಸ್ತ ಜನ’ರಿಗೆ ಉದ್ದೇಶಿತವಾದುದು. ವಿಲಿಯಂ ವುಡ್ ಎಂಬುವನಿಗೆ ನಾಣ್ಯ ಟಂಕಿಸಲು ಲಂಡನ್ ನೀಡಿದ್ದ ಪರವಾನಗಿ ಆ ಪತ್ರಗಳ ಬಿರುಸಿಗೆ ಮರುವರ್ಷ ರದ್ದಾಯಿತು. ಸ್ವಿಫ್ಟ್ ಆ ಕಾರಣಕ್ಕೆ ನಾಡಿನ ವೀರನಾದನು. ಆದರೆ ಅವನು ಆಂಗ್ಲಿಕನ್ ಚರ್ಚಿನ ಡೀನ್. ಪ್ರೆಸ್ಬಿಟೇರಿಯನ್ನರನ್ನು ಹುದ್ದೆಗಳಿಂದ ಹೊರಗಿಡುವ ನಿಬಂಧನೆಯನ್ನು ಕೊನೆಯವರೆಗೂ ಸಮರ್ಥಿಸಿದವನು. ಅವನ ‘ಸಮಸ್ತ ಜನ’ದ ಅಂಗಳದಲ್ಲಿ ಕ್ಯಾಥೊಲಿಕ್ ರೈತ ಪ್ರಜೆಯಾಗಿ ನಿಂತಿರಲಿಲ್ಲ. 1729ರ ‘ಎ ಮಾಡೆಸ್ಟ್ ಪ್ರಪೋಸಲ್’ನಲ್ಲಿ ಬಡವರ ಮಕ್ಕಳನ್ನು ತಿನ್ನುವ ಸಲಹೆಯನ್ನು ಲೆಕ್ಕಿಗನ ಶಾಂತಧ್ವನಿಯಲ್ಲಿ ಮಂಡಿಸುವಾಗ ಮಾತ್ರ ಆ ರೈತ ಪೂರ್ಣವಾಗಿ ಕಾಣಿಸಿಕೊಳ್ಳುತ್ತಾನೆ, ಆಹಾರವಾಗಿ. ಆ ವ್ಯಂಗ್ಯದ ಕತ್ತಿ ತಿರುಗಿರುವುದು ಇಂಗ್ಲೆಂಡಿನ ಕಡೆಗೆ ಮಾತ್ರವಲ್ಲ, ಸ್ವಿಫ್ಟ್ ತಾನು ಸೇರಿದ ಒಡೆಯವರ್ಗದ ಕಡೆಗೂ. ತನ್ನ ವರ್ಗದ ಅಂಚಿನಲ್ಲಿ ನಿಂತ ಬರಹಗಾರನು ಆ ವರ್ಗಕ್ಕಿಂತ ದೂರ ನೋಡಬಲ್ಲನೆಂಬುದಕ್ಕೆ ಇದು ಸಾಕ್ಷಿ.

1800ರಲ್ಲಿ ಪ್ರಕಟವಾದ ಮರಿಯಾ ಎಡ್ಜ್‌ವರ್ತಳ ‘ಕ್ಯಾಸಲ್ ರ‍್ಯಾಕ್ರೆಂಟ್’ ಕಾದಂಬರಿಯಲ್ಲಿ ಕಥೆ ಹೇಳುವವನು ಮುದುಕ ಪಾರುಪತ್ಯಗಾರ ಥ್ಯಾಡಿ. ಕುಡಿತ, ವ್ಯಾಜ್ಯ, ದುಂದುಗಳಿಂದ ನಾಲ್ಕು ತಲೆಮಾರುಗಳ ಒಡೆಯರು ಆಸ್ತಿಯನ್ನು ಕಳೆಯುವುದನ್ನು ಆತ ಭಕ್ತಿಯಿಂದಲೇ ಬಣ್ಣಿಸುತ್ತ ಹೋಗುತ್ತಾನೆ. ಕೊನೆಯಲ್ಲಿ ಆ ಎಸ್ಟೇಟು ವಕೀಲನಾದ ಅವನ ಮಗ ಜೇಸನ್ನನ ಪಾಲಾಗುತ್ತದೆ. ಥ್ಯಾಡಿಯ ಭಕ್ತಿ ನಿಜವೆ, ನಟನೆಯೆ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಒಡೆಯರ ಮನೆಯ ಮಗಳಾದ ಎಡ್ಜ್‌ವರ್ತ್ ಆಳಿನ ಧ್ವನಿಯನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಳು, ಆದರೆ ಆ ಧ್ವನಿಯ ಹಿಂದೆ ಏನಿದೆಯೆಂಬುದು ಅವಳಿಗೂ ಪೂರ್ತಿ ತಿಳಿದಿರಲಿಕ್ಕಿಲ್ಲ. ಆ ತಿಳಿಯದಿರುವಿಕೆಯೇ ಕಾದಂಬರಿಯ ಜೀವಾಳ. ಆಳುವವನಿಗೆ ಆಳಿಸಿಕೊಳ್ಳುವವನ ಮನಸ್ಸು ಎಂದೂ ಪೂರ್ತಿ ಓದಲಾಗದ ಪುಸ್ತಕ.

ಯೇಟ್ಸ್‌ನ ವಿಷಯ ಇನ್ನೂ ಸಂಕೀರ್ಣ. ಅವನ ವಂಶ ಪಾದ್ರಿಗಳದು, ತಾಯಿಯ ಕಡೆ ಸ್ಲೈಗೋದ ವರ್ತಕರದು, ದೊಡ್ಡ ಭೂಮಾಲೀಕರದಲ್ಲ. ಆದರೂ ವಯಸ್ಸಾದಂತೆ ಅವನು ಸ್ವಿಫ್ಟ್, ಬರ್ಕ್, ಬರ್ಕ್ಲಿ, ಗ್ರಾಟನ್ ಇವರ ಸಾಲನ್ನು ತನ್ನ ಪೂರ್ವಜರ ಸಾಲಾಗಿ ಕಟ್ಟಿಕೊಂಡನು. 1925ರಲ್ಲಿ ವಿಚ್ಛೇದನ ನಿಷೇಧದ ವಿರುದ್ಧ ಸೆನೆಟ್ಟಿನಲ್ಲಿ ಮಾತನಾಡುತ್ತ, ಈ ಜನ ಅಲ್ಪರಲ್ಲ, ಆಧುನಿಕ ಐರ್ಲೆಂಡಿನ ಸಾಹಿತ್ಯದ ಬಹುಪಾಲು ಇವರದೇ ಎಂದು ಹೆಮ್ಮೆಪಟ್ಟನು. ಹೊಸ ರಾಜ್ಯದ ಕ್ಯಾಥೊಲಿಕ್ ಬಹುಮತವು ತನ್ನ ನೀತಿಯನ್ನು ಎಲ್ಲರ ಮೇಲೆ ಹೇರುವುದನ್ನು ವಿರೋಧಿಸಿದುದರಲ್ಲಿ ಅವನು ಸರಿ. ಆದರೆ ಪ್ರಾಬಲ್ಯವನ್ನು ಔದಾರ್ಯದ, ಸಂಸ್ಕೃತಿಯ ಕುಲೀನ ಪರಂಪರೆಯಾಗಿ ಚಿತ್ರಿಸಿದುದರಲ್ಲಿ ಸರಿಯಲ್ಲ. ಆ ವರ್ಗ ಬಹುಮಟ್ಟಿಗೆ ವ್ಯವಹಾರಸ್ಥರ ವರ್ಗವೇ ಆಗಿತ್ತೆಂದೂ ಕುಲೀನತೆಯ ಈ ಚಿತ್ರ ಯೇಟ್ಸ್ ಕಟ್ಟಿದ ಪುರಾಣವೆಂದೂ ಸೀಮಸ್ ಡೀನ್ ಅವರು 1985ರಲ್ಲಿ ವಾದಿಸಿದರು. ಆ ವಾದಕ್ಕೆ ಇಂದಿಗೂ ಬಲವಾದ ಉತ್ತರ ಬಂದಿಲ್ಲ. ಆದರೆ ಯೇಟ್ಸ್‌ನೇ 1938ರ ‘ಪರ್ಗಟರಿ’ ನಾಟಕದಲ್ಲಿ ಸುಟ್ಟು ಪಾಳುಬಿದ್ದ ದೊಡ್ಡ ಮನೆಯ ಮುಂದೆ ತಂದೆಯೊಬ್ಬ ಮಗನನ್ನು ಕೊಲ್ಲುವುದನ್ನು ತೋರಿಸಿದನು. ತಾನು ಕಟ್ಟಿದ ಪುರಾಣದ ಗೋಡೆಯಲ್ಲಿ ಬಿರುಕನ್ನು ಕಂಡವನೂ ಅವನೇ.

ಮುಗಿದ ಮೇಲೆ ಉಳಿದುದು

ಪ್ರಾಬಲ್ಯ ಒಂದೇ ಏಟಿಗೆ ಬೀಳಲಿಲ್ಲ. 1869ರ ಕಾಯಿದೆ ಆಂಗ್ಲಿಕನ್ ಚರ್ಚಿನ ರಾಜಮನ್ನಣೆಯನ್ನು ತೆಗೆದುಹಾಕಿತು. ಆದರೆ 1870ರ ದಶಕದಲ್ಲಿಯೂ ದ್ವೀಪದ ಅರ್ಧದಷ್ಟು ಭೂಮಿ ಸುಮಾರು 800 ಒಡೆಯರ ಕೈಯಲ್ಲಿಯೇ ಇತ್ತು. 1879ರಲ್ಲಿ ಭೂಸಂಘ ಹುಟ್ಟಿತು. ಮರುವರ್ಷ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್‌ನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟನಿಗೆ ಊರವರು ಕೆಲಸಕ್ಕೆ ಬರದೆ, ಮಾತನಾಡದೆ, ಸರಕು ಮಾರದೆ ಬುದ್ಧಿ ಕಲಿಸಿದರು. ಇಂದು ಕನ್ನಡ ಪತ್ರಿಕೆಗಳಲ್ಲಿಯೂ ಬಳಕೆಯಾಗುವ ‘ಬಾಯ್ಕಾಟ್’ ಎಂಬ ಪದ ಹುಟ್ಟಿದುದು ಅಲ್ಲಿ. ಗೇಣಿದಾರರಿಗೆ ಭೂಮಿಯನ್ನು ಕೊಳ್ಳಲು ಸಾಲ ಒದಗಿಸಿದ ಕಾಯಿದೆಗಳು, ಮುಖ್ಯವಾಗಿ 1903ರದು, ಬಂದೂಕಿಗಿಂತ ಹೆಚ್ಚಾಗಿ ಆ ವರ್ಗವನ್ನು ಕರಗಿಸಿದವು. ಭೂಮಿ ಹೋದ ಮೇಲೆ ಪ್ರಾಬಲ್ಯ ಉಳಿಯಲಿಲ್ಲ. ಅದು ಮತದ ಮೇಲೆ ಮಾತ್ರ ನಿಂತಿದ್ದರೆ ಉಳಿಯಬೇಕಿತ್ತು.

1920ರಿಂದ 1923ರ ಗಲಭೆಯ ವರ್ಷಗಳಲ್ಲಿ ನೂರಾರು ದೊಡ್ಡ ಮನೆಗಳು ಬೆಂಕಿಗೆ ಆಹುತಿಯಾದವು. ಲೇಡಿ ಗ್ರೆಗರಿ ಹುಟ್ಟಿದ ರಾಕ್ಸ್‌ಬರೋ ಮನೆ ಅವುಗಳಲ್ಲೊಂದು. ಕಾದಂಬರಿಕಾರ ಜಾರ್ಜ್ ಮೂರ್‌ನ ಮನೆಯೂ ಸುಟ್ಟಿತು, ಆ ವಂಶ ಕ್ಯಾಥೊಲಿಕರದಾಗಿದ್ದರೂ. ಬೆಂಕಿ ಹಚ್ಚಿದವರಿಗೂ ಕಾಣುತ್ತಿದ್ದುದು ದೊಡ್ಡ ಮನೆ, ಅದರೊಳಗಿನ ಪ್ರಾರ್ಥನೆಯ ಪುಸ್ತಕವಲ್ಲ. ಆ ಬೆಂಕಿಯನ್ನು ನ್ಯಾಯವೆಂದು ಕೊಂಡಾಡಬೇಕಾಗಿಲ್ಲ. ಎಲಿಜಬೆತ್ ಬೋವೆನ್ 1929ರ ‘ದ ಲಾಸ್ಟ್ ಸೆಪ್ಟೆಂಬರ್’ ಕಾದಂಬರಿಯಲ್ಲಿ ಅಂತಹ ಮನೆಯ ಅಂತ್ಯವನ್ನು ಹೇಳುವಾಗ, ತಮ್ಮ ಕಾಲ ಮುಗಿದಿದೆಯೆಂಬುದು ತಿಳಿಯದವರಂತೆ ಟೆನಿಸ್ ಆಡುತ್ತ ಉಳಿದವರ ಕುರುಡನ್ನೂ ಕಾಣಿಸುತ್ತಾಳೆ, ಅವರ ಒಂಟಿತನವನ್ನೂ ಕಾಣಿಸುತ್ತಾಳೆ. ಕೂಲ್ ಪಾರ್ಕ್ ಸುಡಲಿಲ್ಲ. ಸರ್ಕಾರದ ಕೈಸೇರಿ, ಲೇಡಿ ಗ್ರೆಗರಿ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, 1941ರಲ್ಲಿ ಕೆಡವಲ್ಪಟ್ಟಿತು.

ಕನ್ನಡದ ನವ್ಯ ಸಾಹಿತಿಗಳು ಯೇಟ್ಸ್‌ನನ್ನು ಶ್ರದ್ಧೆಯಿಂದ ಓದಿದವರು. ಯು. ಆರ್. ಅನಂತಮೂರ್ತಿಯವರು ಅವನ ಕವಿತೆಗಳನ್ನು ಕನ್ನಡಕ್ಕೆ ತಂದಿದ್ದಾರೆ. ಆ ಓದು ಹೊಸ ತಲೆಮಾರಿನ ಸಂಶೋಧಕರಲ್ಲಿ ಮುಂದುವರಿಯಬೇಕಾದರೆ, ಅದಕ್ಕೆ ಒಂದು ಸೇರ್ಪಡೆ ಅಗತ್ಯ. ಸಾಹಿತ್ಯವನ್ನು ಸಾಹಿತ್ಯವಾಗಿ ಓದಬೇಕು, ಹಕ್ಕುಪತ್ರಗಳ ಗೊಡವೆ ಏಕೆ ಎಂಬ ಮಾತು ಕೇಳಲು ಹಿತ. ಆದರೆ ಹಕ್ಕುಪತ್ರವೇ ಒಂದು ಭಾಷೆಯನ್ನು ಅಚ್ಚಿಗೂ ಇನ್ನೊಂದನ್ನು ನೆನಪಿಗೂ ದೂಡಿದ ನಾಡಿನಲ್ಲಿ ಹಾಗೆ ಓದುವುದು ಗೆದ್ದವರ ಆಯ್ಕೆಯನ್ನೇ ಸಾಹಿತ್ಯದ ಅಳತೆಗೋಲಾಗಿ ಒಪ್ಪಿದಂತೆ. ಅದಕ್ಕೆ ಪ್ರತಿಯಾಗಿ, ಒಡೆಯರ ಮನೆಯಲ್ಲಿ ಹುಟ್ಟಿದ ಸಾಹಿತ್ಯವೆಲ್ಲ ಒಡೆಯರ ಪರವೆಂದು ತಳ್ಳಿಹಾಕುವುದೂ ಅಷ್ಟೇ ಸುಲಭದ ತಪ್ಪು. ಸ್ವಿಫ್ಟ್‌ನ ಕೋಪ, ಎಡ್ಜ್‌ವರ್ತಳ ಕಿವಿ, ಲೇಡಿ ಗ್ರೆಗರಿಯ ದುಡಿಮೆ ಆ ಮನೆಯಿಂದಲೇ ಬಂದವು. ಕೂಲ್ ಪಾರ್ಕಿನ ಕವಿತೆಯನ್ನು ಪಾಠ ಮಾಡುವ ದಿನ 1847ರ ಕಾಲು ಎಕರೆಯ ಷರತ್ತನ್ನೂ, ಕುದುರೆಯನ್ನು ಕೊಡದೆ ಸತ್ತವನಿಗಾಗಿ ಅವನ ಹೆಂಡತಿ ಹಾಡಿದ ಹಾಡನ್ನೂ ವಿದ್ಯಾರ್ಥಿಗಳ ಮುಂದೆ ಇಡಬೇಕು. ಅದರಿಂದ ಕವಿತೆಯ ಚೆಲುವು ಕುಂದುವುದಿಲ್ಲ. ಆ ಚೆಲುವಿಗೆ ತೆರಲಾದ ಬೆಲೆಯೂ ಅದರ ಅರ್ಥದ ಭಾಗವಾಗುತ್ತದೆ.